ಎಂಟು ಮತಗಳ ಮೇಜು: ಯುಗೊಸ್ಲಾವಿಯ ಒಡೆದ ಪ್ರಕರಣ

1991ರ ಮಾರ್ಚ್ ತಿಂಗಳ ನಡುವಿನಲ್ಲಿ, ರಾಜಧಾನಿ ಬೆಲ್‌ಗ್ರೇಡಿನ ಸೇನಾ ಕಟ್ಟಡವೊಂದರಲ್ಲಿ ಯುಗೊಸ್ಲಾವಿಯದ ಅಧ್ಯಕ್ಷಮಂಡಲಿ ಸಭೆ ಸೇರಿತು. ಆ ದೇಶಕ್ಕೆ ಆಗ ಒಬ್ಬ ಅಧ್ಯಕ್ಷ ಎಂಬುದಿರಲಿಲ್ಲ. ಆರು ಗಣರಾಜ್ಯಗಳಿಂದ ಒಬ್ಬೊಬ್ಬರು, ಎರಡು ಸ್ವಾಯತ್ತ ಪ್ರಾಂತ್ಯಗಳಿಂದ ಒಬ್ಬೊಬ್ಬರು, ಹೀಗೆ ಎಂಟು ಮಂದಿ ಸೇರಿ ಅಧ್ಯಕ್ಷರಾಗಿದ್ದರು. ಸೇನೆಗೂ ಅವರೇ ಒಟ್ಟಾಗಿ ಮಹಾದಂಡನಾಯಕರು. ದೇಶದಾದ್ಯಂತ ತುರ್ತು ಪರಿಸ್ಥಿತಿ ಘೋಷಿಸಿ ಗಣರಾಜ್ಯಗಳು ಕಟ್ಟಿಕೊಳ್ಳುತ್ತಿದ್ದ ಸಶಸ್ತ್ರ ಪಡೆಗಳನ್ನು ಅಡಗಿಸಲು ರಕ್ಷಣಾ ಸಚಿವ ವೆಲ್ಕೊ ಕದಿಯೆವಿಚ್ ಅನುಮತಿ ಕೇಳಿದರು. ಬೇಕಾಗಿದ್ದದ್ದು ಐದು ಮತ. ಸರ್ಬಿಯದ ನಾಯಕ ಸ್ಲೊಬೊದಾನ್ ಮಿಲೊಶೆವಿಚ್ ತನ್ನ ಬಳಗದ ನಾಲ್ಕು ಮತಗಳನ್ನು ಲೆಕ್ಕಕ್ಕೆ ಹಿಡಿದಿದ್ದರು. ಐದನೆಯದು ಬಾಸ್ನಿಯದ ಪ್ರತಿನಿಧಿ ಬೊಗಿಚ್ ಬೊಗಿಚೆವಿಚ್ ಅವರಿಂದ ಬರಬೇಕಿತ್ತು, ಏಕೆಂದರೆ ಅವರು ಹುಟ್ಟಿನಿಂದ ಸರ್ಬ. ಸರ್ಬನಾದವನು ಸರ್ಬರ ಕಡೆಗೇ ಕೈಯೆತ್ತುತ್ತಾನೆ ಎಂಬುದು ಮೇಜಿನ ಸುತ್ತಲಿದ್ದ ಹಲವರ ಎಣಿಕೆ. ಬೊಗಿಚೆವಿಚ್ ತಾನು ಪ್ರತಿನಿಧಿಸುತ್ತಿರುವುದು ಬಾಸ್ನಿಯವನ್ನು ಎಂದು ಭಾವಿಸಿ ವಿರುದ್ಧವಾಗಿ ಮತ ಹಾಕಿದರು. ಐದು ಮತ ಕೂಡಲಿಲ್ಲ. ಮೂರು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ದೇಶ ಒಡೆಯತೊಡಗಿತು.

ಬಹುಜನಾಂಗಗಳ ದೇಶವೊಂದು ಏಕೆ ಒಡೆಯುತ್ತದೆ ಎಂಬ ಪ್ರಶ್ನೆಗೆ ಯುಗೊಸ್ಲಾವಿಯವನ್ನು ಉದಾಹರಣೆಯಾಗಿ ಕೊಡುವವರು ಸಾಮಾನ್ಯವಾಗಿ ಒಂದೇ ಉತ್ತರ ಹೇಳುತ್ತಾರೆ: ಅಲ್ಲಿಯ ಜನ ಶತಮಾನಗಳಿಂದ ಪರಸ್ಪರ ದ್ವೇಷಿಸುತ್ತಿದ್ದರು, ಟಿಟೊ ಎಂಬ ಬಲಶಾಲಿ ಅವರನ್ನು ಹಿಡಿದಿಟ್ಟಿದ್ದ, ಆತ ಸತ್ತ, ದೇಶ ಒಡೆಯಿತು. ಮೇಲಿನ ಸಭೆ ಈ ಉತ್ತರಕ್ಕೆ ಒಗ್ಗುವುದಿಲ್ಲ. ಅಲ್ಲಿ ದೇಶದ ಹಣೆಬರಹವನ್ನು ಬರೆಯುತ್ತಿದ್ದದ್ದು ದ್ವೇಷಕ್ಕಿಂತ ಹೆಚ್ಚಾಗಿ ಮತ ಎಣಿಕೆಯ ಒಂದು ವ್ಯವಸ್ಥೆ. ಯುಗೊಸ್ಲಾವಿಯದ ಕೊನೆಯ ಹದಿನೇಳು ವರ್ಷಗಳಲ್ಲಿ ಪಕ್ಷ, ಖಜಾನೆ, ದೂರದರ್ಶನ, ಬಂದೂಕು, ಕೊನೆಗೆ ಚುನಾವಣೆ, ಒಂದೊಂದಾಗಿ ಗಣರಾಜ್ಯಗಳ ಕೈಸೇರಿದವು. ಇಡೀ ದೇಶದ ಹೆಸರಿನಲ್ಲಿ ಮತ ಕೇಳಿ ಗೆಲ್ಲಬಹುದಾದ ಒಂದು ಕುರ್ಚಿಯೂ ಉಳಿಯಲಿಲ್ಲ. ಒಡಕಿಗೆ ಇದು ಮೂಲ ಎಂಬುದು ಈ ಅಧ್ಯಯನದ ವಾದ. ಒಡಕು ಎಲ್ಲಿ ರಕ್ತಪಾತವಾಯಿತು, ಎಲ್ಲಿ ಆಗಲಿಲ್ಲ ಎಂಬುದಕ್ಕೆ ಮಾತ್ರ ಬೇರೆ ಕಾರಣವಿದೆ.

ಕೂಡಿಕೆಯ ಚರಿತ್ರೆ

ದಕ್ಷಿಣ ಸ್ಲಾವ್ ಜನರ ಒಕ್ಕೂಟ ಮೊದಲು ರೂಪುಗೊಂಡದ್ದು 1918ರ ಡಿಸೆಂಬರ್ 1ರಂದು, ಸರ್ಬರ, ಕ್ರೊಯೇಟರ ಮತ್ತು ಸ್ಲೊವೀನರ ರಾಜ್ಯ ಎಂಬ ಉದ್ದನೆಯ ಹೆಸರಿನಲ್ಲಿ. ಒಂದು ಭಾಗ ಆಸ್ಟ್ರಿಯ-ಹಂಗೆರಿಯ ಆಳ್ವಿಕೆಯಿಂದ ಬಂದಿತ್ತು, ಇನ್ನೊಂದು ಭಾಗ ಒಟ್ಟೊಮನ್ ಆಳ್ವಿಕೆಯನ್ನು ಕಳಚಿಕೊಂಡು ಸ್ವತಂತ್ರವಾಗಿದ್ದ ಸರ್ಬಿಯ ಮತ್ತು ಮಾಂಟೆನೆಗ್ರೊ. 1929ರಲ್ಲಿ ದೊರೆ ಅಲೆಕ್ಸಾಂಡರ್ ಸಂವಿಧಾನವನ್ನು ಬದಿಗಿಟ್ಟು ಸರ್ವಾಧಿಕಾರ ಹೂಡಿ, ದೇಶಕ್ಕೆ ಯುಗೊಸ್ಲಾವಿಯ ಎಂದು ಹೆಸರಿಟ್ಟ. ಐದು ವರ್ಷಗಳ ನಂತರ ಮಾರ್ಸೇಲ್ಸ್‌ನಲ್ಲಿ ಆತನ ಹತ್ಯೆಯಾಯಿತು. 1941ರ ಏಪ್ರಿಲ್‌ನಲ್ಲಿ ಜರ್ಮನಿ ದಾಳಿ ಮಾಡಿದಾಗ ಈ ಮೊದಲ ಯುಗೊಸ್ಲಾವಿಯ ಹನ್ನೆರಡು ದಿನ ಕೂಡ ನಿಲ್ಲಲಿಲ್ಲ.

ಎರಡನೇ ಮಹಾಯುದ್ಧದ ವರ್ಷಗಳನ್ನು ಬಿಟ್ಟು ಮುಂದಿನದನ್ನು ಅರ್ಥ ಮಾಡಿಕೊಳ್ಳಲಾಗದು. ನಾಜಿಗಳ ಆಶ್ರಯದಲ್ಲಿ ಹುಟ್ಟಿದ ಕ್ರೊಯೇಷಿಯದ ಉಸ್ತಾಶಾ ಸರ್ಕಾರ ಸರ್ಬರನ್ನು, ಯಹೂದಿಗಳನ್ನು, ರೋಮಾ ಜನರನ್ನು ಸಾಮೂಹಿಕವಾಗಿ ಕೊಂದಿತು. ಯಾಸೆನೊವತ್ಸ್ ಎಂಬ ಶಿಬಿರ ಒಂದರಲ್ಲೇ ಸತ್ತವರು ಎಂಬತ್ತು ಸಾವಿರಕ್ಕೂ ಹೆಚ್ಚು. ಸರ್ಬ ಚೆತ್ನಿಕ್ ಪಡೆಗಳು ಬಾಸ್ನಿಯದ ಮುಸ್ಲಿಮರನ್ನೂ ಕ್ರೊಯೇಟರನ್ನೂ ಕೊಂದವು. ಎಲ್ಲ ಜನಾಂಗಗಳಿಂದಲೂ ಆಳುಗಳನ್ನು ಕೂಡಿಸಿಕೊಂಡು ಹೋರಾಡಿದವರು ಕಮ್ಯುನಿಸ್ಟ್ ನಾಯಕ ಟಿಟೊ ನೇತೃತ್ವದ ಪಾರ್ಟಿಸಾನ್‌ಗಳು, ಗೆದ್ದವರೂ ಅವರೇ. 1943ರ ನವೆಂಬರ್‌ನಲ್ಲಿ ಬಾಸ್ನಿಯದ ಯಾಯ್ತ್ಸೆಯಲ್ಲಿ ಅವರು ಹಾಕಿದ ಅಡಿಪಾಯದ ಮೇಲೆ ಆರು ಗಣರಾಜ್ಯಗಳ ಒಕ್ಕೂಟ ಎದ್ದಿತು. ಯುದ್ಧಕಾಲದ ಪರಸ್ಪರ ಹತ್ಯೆಗಳ ಲೆಕ್ಕವನ್ನು ಹೊಸ ಸರ್ಕಾರ ಬಹಿರಂಗವಾಗಿ ಚರ್ಚಿಸಗೊಡಲಿಲ್ಲ. 'ಭ್ರಾತೃತ್ವ ಮತ್ತು ಐಕ್ಯ' ಎಂಬ ಘೋಷವಾಕ್ಯದ ಕೆಳಗೆ ಅದು ಬೂದಿ ಮುಚ್ಚಿದ ಕೆಂಡವಾಗಿ ಉಳಿಯಿತು. ಮನೆಯೊಳಗೆ ಅಜ್ಜಿಯರು ಹೇಳುತ್ತಿದ್ದ ಕತೆಗೂ ಶಾಲೆಯ ಪಠ್ಯಕ್ಕೂ ತಾಳೆಯಿರಲಿಲ್ಲ, ಮತ್ತು ಮುಂದೆ ಈ ಕತೆಯನ್ನು ಬೀದಿಗೆ ತಂದವರಿಗೆ ಅದನ್ನು ಅಳೆದು ನೋಡುವ ಸಾರ್ವಜನಿಕ ಮಾಪನವೇ ಇರಲಿಲ್ಲ.

ಹಾಗೆಂದು ಆ ಜನ ಒಟ್ಟಿಗೆ ಬಾಳಲಾರದವರು ಎನ್ನುವುದಕ್ಕೆ ಜನಗಣತಿ ಅಡ್ಡ ಬರುತ್ತದೆ. 1971ರ ಗಣತಿಯಲ್ಲಿ ತಮ್ಮ ಜನಾಂಗ 'ಯುಗೊಸ್ಲಾವ್' ಎಂದು ಬರೆಸಿದವರು ಸುಮಾರು 2.73 ಲಕ್ಷ. 1981ರಲ್ಲಿ, ಅಂದರೆ ಟಿಟೊ ಸತ್ತ ಮರುವರ್ಷ, ಈ ಸಂಖ್ಯೆ 12 ಲಕ್ಷ ದಾಟಿತು, ದೇಶದ ಜನಸಂಖ್ಯೆಯ ಶೇ 5.4ರಷ್ಟು. ಮಿಶ್ರ ವಿವಾಹದ ಮಕ್ಕಳು, ಕೈಗಾರಿಕಾ ಊರುಗಳ ಕೆಲಸಗಾರರು, ಸೇನಾಧಿಕಾರಿಗಳ ಕುಟುಂಬಗಳು ಈ ಗುಂಪಿನಲ್ಲಿ ಹೆಚ್ಚಾಗಿದ್ದವು. ಶತಮಾನಗಳ ದ್ವೇಷ ಬಲಶಾಲಿಯ ಸಾವಿಗಾಗಿ ಹೊಂಚು ಹಾಕಿ ಕಾದಿದ್ದರೆ ಆ ವರ್ಷ ಈ ಸಂಖ್ಯೆ ಇಳಿಯಬೇಕಿತ್ತು, ನಾಲ್ಕು ಪಟ್ಟು ಏರಬೇಕಿರಲಿಲ್ಲ.

406 ವಿಧಿಗಳು, ಒಂದು ಗಂಟು

1974ರ ಸಂವಿಧಾನ 406 ವಿಧಿಗಳ, ಜಗತ್ತಿನ ಅತಿ ಉದ್ದದ ಸಂವಿಧಾನಗಳಲ್ಲಿ ಒಂದು. ಅದರ ಪ್ರಕಾರ ಸ್ಲೊವೇನಿಯ, ಕ್ರೊಯೇಷಿಯ, ಬಾಸ್ನಿಯ-ಹರ್ಜೆಗೊವಿನ, ಸರ್ಬಿಯ, ಮಾಂಟೆನೆಗ್ರೊ, ಮ್ಯಾಸಿಡೋನಿಯ ಎಂಬ ಆರು ಗಣರಾಜ್ಯಗಳು ಬಹುಮಟ್ಟಿಗೆ ತಮ್ಮ ಮನೆಗೆ ತಾವೇ ಯಜಮಾನರಾದವು. ಸರ್ಬಿಯದೊಳಗಿನ ಕೊಸೊವೊ ಮತ್ತು ವೊಯ್ವೊದಿನ ಪ್ರಾಂತ್ಯಗಳಿಗೂ ಒಕ್ಕೂಟದ ಮೇಜಿನಲ್ಲಿ ಸ್ವಂತ ಕುರ್ಚಿ, ಸ್ವಂತ ಮತ ದೊರೆಯಿತು. ಮುಖ್ಯ ಆರ್ಥಿಕ ನಿರ್ಣಯಗಳಿಗೆ ಎಲ್ಲರ ಒಪ್ಪಿಗೆ ಬೇಕು. 1968ರಲ್ಲಿ ಸೋವಿಯತ್ ಟ್ಯಾಂಕ್‌ಗಳು ಪ್ರಾಗ್‌ಗೆ ನುಗ್ಗಿದ್ದನ್ನು ಕಂಡು ರೂಪಿಸಿದ ಪ್ರಾದೇಶಿಕ ರಕ್ಷಣಾ ದಳಗಳ ಶಸ್ತ್ರಾಗಾರಗಳೂ ಗಣರಾಜ್ಯಗಳ ವಶದಲ್ಲೇ ಇದ್ದವು. ಹೊರಗಿನ ಶತ್ರುವಿಗಾಗಿ ಕೂಡಿಟ್ಟ ಆ ಬಂದೂಕುಗಳು ಹೊರಬಂದದ್ದು ಬೇರೆಯೇ ಕೆಲಸಕ್ಕೆ.

ಈ ಏರ್ಪಾಡನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ. ದೊಡ್ಡ ಜನಾಂಗವೊಂದು ಉಳಿದವರ ಮೇಲೆ ಸವಾರಿ ಮಾಡದಂತೆ ತಡೆಯುವುದು ಅದರ ಉದ್ದೇಶ, ಮತ್ತು ಒಂದು ದಶಕ ಅದು ಆ ಕೆಲಸವನ್ನು ಮಾಡಿತು. ಆದರೆ ಅದರಲ್ಲಿ ಒಂದು ಗಂಟು ಇತ್ತು. ಯುಗೊಸ್ಲಾವ್ ಕಾನೂನು ಜನರನ್ನು ಎರಡು ದರ್ಜೆಯಾಗಿ ವಿಂಗಡಿಸಿತ್ತು: 'ನರೋದ್', ಅಂದರೆ ಒಕ್ಕೂಟವನ್ನು ಕಟ್ಟಿದ ಮೂಲ ಜನಾಂಗ, 'ನರೋದ್ನೋಸ್ತ್', ಅಂದರೆ ಹೊರಗೆ ತನ್ನದೇ ದೇಶವಿರುವ ಜನಾಂಗದ ಇಲ್ಲಿಯ ಭಾಗ. ಮಾಂಟೆನೆಗ್ರಿನರು ಆರು ಲಕ್ಷಕ್ಕೂ ಕಡಿಮೆಯಿದ್ದರೂ ನರೋದ್, ಅವರಿಗೆ ಗಣರಾಜ್ಯವಿತ್ತು. ಹದಿನೇಳು ಲಕ್ಷ ಮೀರಿದ್ದ, ಹೆಚ್ಚುಕಡಿಮೆ ಸ್ಲೊವೀನರಷ್ಟೇ ಇದ್ದ ಅಲ್ಬೇನಿಯನರು ನರೋದ್ನೋಸ್ತ್, ಅವರಿಗೆ ಇದ್ದದ್ದು ಪ್ರಾಂತ್ಯ. (ಕನ್ನಡದಲ್ಲಿ ನಾವು ರಾಷ್ಟ್ರ, ದೇಶ, ರಾಜ್ಯ ಎಂಬ ಪದಗಳನ್ನು ಒಂದರ ಬದಲಿಗೆ ಒಂದು ಸಲೀಸಾಗಿ ಬಳಸುತ್ತೇವೆ, ಅಲ್ಲಿ ಇಂಥ ಪದವೊಂದರ ಪ್ರತ್ಯಯ ಯಾರಿಗೆ ಕುರ್ಚಿ ಸಿಗುತ್ತದೆ ಎಂಬುದನ್ನು ತೀರ್ಮಾನಿಸುತ್ತಿತ್ತು.)

ಗಂಟಿನ ಬಿಗಿ ಇನ್ನೂ ಒಳಗಿತ್ತು. ಸಂವಿಧಾನದ ಪೀಠಿಕೆ ಬೇರ್ಪಡುವ ಹಕ್ಕನ್ನೂ ಒಳಗೊಂಡ ಸ್ವಯಂನಿರ್ಣಯದ ಹಕ್ಕನ್ನು ಪ್ರತಿಯೊಂದು ಜನಾಂಗಕ್ಕೂ ಮನ್ನಿಸುತ್ತಿತ್ತು. ಆ ಹಕ್ಕು ಗಡಿಯಿರುವ ಗಣರಾಜ್ಯದ್ದೋ, ಗಡಿಗಳಾಚೆ ಹರಡಿಕೊಂಡ ಜನಾಂಗದ್ದೋ ಎಂಬುದನ್ನು ಎಲ್ಲಿಯೂ ಸ್ಪಷ್ಟಪಡಿಸಿರಲಿಲ್ಲ. ಗಣರಾಜ್ಯದ್ದು ಎಂದರೆ ಕ್ರೊಯೇಷಿಯ ತನ್ನ ಗಡಿಯೊಂದಿಗೆ ಹೊರಹೋಗಬಹುದು. ಜನಾಂಗದ್ದು ಎಂದರೆ ಕ್ರೊಯೇಷಿಯದೊಳಗಿನ ಸರ್ಬರು ತಮ್ಮ ಹಳ್ಳಿಗಳೊಂದಿಗೆ ಯುಗೊಸ್ಲಾವಿಯದಲ್ಲೇ ಉಳಿಯಬಹುದು. 1991ರ ಯುದ್ಧದಲ್ಲಿ ಎರಡೂ ಕಡೆಯವರು ಇದೇ ಒಂದು ವಾಕ್ಯವನ್ನು ಮುಂದಿಟ್ಟು ವಾದಿಸಿದರು, ಮತ್ತು ಬರೆದದ್ದನ್ನಷ್ಟೇ ನೋಡಿದರೆ ಇಬ್ಬರ ವಾದದಲ್ಲೂ ಹುರುಳಿತ್ತು.

ಸಾಲ ಮತ್ತು ಸಂಶಯ

ಟಿಟೊ 1980ರ ಮೇ 4ರಂದು ಸ್ಲೊವೇನಿಯದ ರಾಜಧಾನಿ ಲ್ಯುಬ್ಲಿಯಾನದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದರಲ್ಲಿ ಸಾಲವೂ ಒಂದು. ಎಪ್ಪತ್ತರ ದಶಕದ ಅಗ್ಗದ ಪಾಶ್ಚಾತ್ಯ ಸಾಲ ಎಂಬತ್ತರ ಆರಂಭಕ್ಕೆ ಸುಮಾರು 2,000 ಕೋಟಿ ಡಾಲರ್‌ಗೆ ಬೆಳೆದಿತ್ತು. ಬಡ್ಡಿ ಏರಿತು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತುಗಳು ಬಂದವು. ಕಾಫಿ, ಪೆಟ್ರೋಲು, ಬಟ್ಟೆ ತೊಳೆಯುವ ಪುಡಿ ಸಿಗದಾಯಿತು. ಕಾರಿನ ನಂಬರಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಬೀದಿಗಿಳಿಸಬೇಕಾದ ಕಾಲ ಅದು. ಪಾಶ್ಚಾತ್ಯ ದೇಶಗಳಿಗೆ ವೀಸಾ ಇಲ್ಲದೆ ಹೋಗಿಬರುವ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು, ಪೂರ್ವ ಯುರೋಪಿನ ಉಳಿದವರಿಗಿಂತ ತಾವು ಮೇಲು ಎಂದು ಬೀಗುತ್ತಿದ್ದ ಜನಕ್ಕೆ ಇದು ಬಹಳ ನೋಯಿಸಿದ ಇಳಿತ.

ಕೊರತೆ ಬಂದೊಡನೆ ಹಂಚಿಕೆಯ ಪ್ರಶ್ನೆ ಏಳುತ್ತದೆ. ದೇಶದ ಜನಸಂಖ್ಯೆಯಲ್ಲಿ ಶೇ 8ರಷ್ಟಿದ್ದ ಸ್ಲೊವೇನಿಯ ರಫ್ತಿನಲ್ಲಿ ತನ್ನ ಪಾಲಿಗಿಂತ ಬಹು ಹೆಚ್ಚು ದುಡಿಯುತ್ತಿತ್ತು. ಎಂಬತ್ತರ ದಶಕದ ಕೊನೆಗೆ ಅದರ ತಲಾ ಆದಾಯ ಕೊಸೊವೊದ್ದಕ್ಕಿಂತ ಸುಮಾರು ಎಂಟು ಪಟ್ಟು. ಹಿಂದುಳಿದ ಪ್ರದೇಶಗಳ ಅಭಿವೃದ್ಧಿಗೆಂದು ಒಕ್ಕೂಟ ಎತ್ತುತ್ತಿದ್ದ ನಿಧಿ ನಮ್ಮ ದುಡ್ಡನ್ನು ಮರಳಿಗೆ ಸುರಿಯುತ್ತಿದೆ ಎಂದು ಸ್ಲೊವೀನರು ಹೇಳಿದರು. ನಿಮ್ಮ ಕಾರ್ಖಾನೆಗಳು ನಮ್ಮ ಅಗ್ಗದ ಕಚ್ಚಾವಸ್ತುವಿನಿಂದ ಕೊಬ್ಬಿವೆ ಎಂದು ದಕ್ಷಿಣದವರು ಹೇಳಿದರು. ತನ್ನನ್ನೇ ಎಲ್ಲರೂ ಸುಲಿಯುತ್ತಿದ್ದಾರೆ ಎಂಬ ಲೆಕ್ಕಪತ್ರ ಪ್ರತಿ ಗಣರಾಜ್ಯದ ಅರ್ಥಶಾಸ್ತ್ರಜ್ಞರ ಬಳಿಯೂ ಸಿದ್ಧವಿತ್ತು. ಎಲ್ಲರೂ ಕೊಡುವವರೇ, ಪಡೆದವರು ಯಾರೂ ಇಲ್ಲ. ಸ್ವಂತ ಪತ್ರಿಕೆ, ಸ್ವಂತ ದೂರದರ್ಶನ ಕೇಂದ್ರ ಎಲ್ಲರಿಗೂ ಇದ್ದುದರಿಂದ ಈ ಲೆಕ್ಕಗಳನ್ನು ಎದುರುಬದುರಿಟ್ಟು ಒರೆಗೆ ಹಚ್ಚುವ ವೇದಿಕೆ ಇರಲಿಲ್ಲ.

ಕೊಸೊವೊದಿಂದ ಲ್ಯುಬ್ಲಿಯಾನಕ್ಕೆ

1987ರ ಏಪ್ರಿಲ್ 24ರಂದು, ಕೊಸೊವೊ ಪೋಲ್ಯೆ ಎಂಬ ಊರಿನಲ್ಲಿ ಅಲ್ಬೇನಿಯನ್ ಬಹುಸಂಖ್ಯಾತರಿಂದ ಕಿರುಕುಳವಾಗುತ್ತಿದೆ ಎಂದು ದೂರುತ್ತಿದ್ದ ಸರ್ಬರ ಗುಂಪಿಗೂ ಪೊಲೀಸರಿಗೂ ಘರ್ಷಣೆಯಾದಾಗ, ಅಲ್ಲಿಗೆ ಬಂದಿದ್ದ ಸರ್ಬಿಯದ ಕಮ್ಯುನಿಸ್ಟ್ ಪಕ್ಷದ ನಾಯಕ ಮಿಲೊಶೆವಿಚ್ ಹೊರಗೆ ಬಂದು, ನಿಮ್ಮನ್ನು ಯಾರೂ ಹೊಡೆಯಕೂಡದು ಎಂದರು. ದೂರದರ್ಶನ ಅದನ್ನು ಮತ್ತೆ ಮತ್ತೆ ತೋರಿಸಿತು. ಅಲ್ಲಿಯವರೆಗೆ ಬ್ಯಾಂಕಿನ ಅಧಿಕಾರಿಯಾಗಿ ದುಡಿದು ಪಕ್ಷದ ಮೆಟ್ಟಿಲೇರಿದ್ದ ಈತನಲ್ಲಿ ರಾಷ್ಟ್ರೀಯವಾದದ ಭಾವಾವೇಶ ಕಂಡವರು ಕಡಿಮೆ. ಆ ಸಂಜೆ ಆತ ಕಂಡುಕೊಂಡದ್ದು, ಪಕ್ಷದ ಸಿದ್ಧಾಂತ ತೂತು ಬಿದ್ದ ಕೊಡವಾಗಿರುವಾಗ ಅಧಿಕಾರಕ್ಕೆ ಹೊಸ ಊಟೆ ಎಲ್ಲಿದೆ ಎಂಬುದನ್ನು. ಆ ವರ್ಷವೇ ತನ್ನನ್ನು ಬೆಳೆಸಿದ್ದ ಇವಾನ್ ಸ್ತಂಬೊಲಿಚ್ ಅವರನ್ನು ಪಕ್ಷದೊಳಗೆ ಮಣಿಸಿದರು.

ನಂತರದ್ದು ಮತ ಎಣಿಕೆಯ ಕೆಲಸ. 1988ರ ಅಕ್ಟೋಬರ್‌ನಲ್ಲಿ ನೊವಿ ಸಾದ್ ನಗರದಲ್ಲಿ ಸೇರಿದ ಜನಜಂಗುಳಿ ಪ್ರಾಂತೀಯ ಸರ್ಕಾರದ ಕಟ್ಟಡದತ್ತ ಮೊಸರಿನ ಪೊಟ್ಟಣಗಳನ್ನು ತೂರಿ ವೊಯ್ವೊದಿನದ ನಾಯಕರನ್ನು ಇಳಿಸಿತು. ಈ ಪ್ರಸಂಗ 'ಮೊಸರು ಕ್ರಾಂತಿ' ಎಂಬ ಹೆಸರಿನಿಂದಲೇ ಚರಿತ್ರೆ ಸೇರಿತು. 1989ರ ಜನವರಿಯಲ್ಲಿ ಮಾಂಟೆನೆಗ್ರೊದ ನಾಯಕರೂ ಹೀಗೆಯೇ ಹೋದರು. ಮಾರ್ಚ್‌ನಲ್ಲಿ ಪ್ರಿಶ್ತಿನದ ಶಾಸನಸಭೆಯ ಸುತ್ತ ಟ್ಯಾಂಕ್‌ಗಳು ನಿಂತಿರುವಾಗ ಕೊಸೊವೊ ತನ್ನ ಸ್ವಾಯತ್ತತೆಯನ್ನು ತಾನೇ ಕತ್ತರಿಸಿಕೊಳ್ಳುವ ತಿದ್ದುಪಡಿಯನ್ನು ಒಪ್ಪಿತು. ಇದರಲ್ಲಿ ಗಮನಿಸಬೇಕಾದ ಕುಟಿಲತೆಯೊಂದಿದೆ. ಸರ್ಬಿಯ ಪ್ರಾಂತ್ಯಗಳ ಸ್ವಾಯತ್ತತೆಯನ್ನು ತೆಗೆಯಿತು, ಒಕ್ಕೂಟದ ಮೇಜಿನಲ್ಲಿ ಅವುಗಳ ಕುರ್ಚಿಗಳನ್ನು ತೆಗೆಯಲಿಲ್ಲ. ಎಂಟರಲ್ಲಿ ನಾಲ್ಕು ಮತಗಳು ಒಂದೇ ಕೈಗೆ ಬಂದವು. ಯಾರೂ ಯಾರ ಮೇಲೂ ಸವಾರಿ ಮಾಡದಿರಲೆಂದು ರಚಿಸಿದ ಮಂಡಲಿ, ಇನ್ನೊಂದು ಮತ ಸಿಕ್ಕರೆ ಸವಾರಿಗೆ ಸಿದ್ಧವಾದ ಕುದುರೆಯಾಯಿತು.

ಸ್ಲೊವೇನಿಯ ಇದನ್ನು ದೂರದಿಂದ ನೋಡಿ ಮುಂದೆ ತನ್ನ ಸರದಿ ಎಂದು ಭಾವಿಸಿತು. ಅಲ್ಲಿ ಕಿಡಿ ಬಿದ್ದದ್ದು ಭಾಷೆಯಿಂದ. 1988ರ ಬೇಸಿಗೆಯಲ್ಲಿ ಸೇನೆಯ ರಹಸ್ಯ ದಾಖಲೆಯನ್ನು ಇಟ್ಟುಕೊಂಡ ಆರೋಪದ ಮೇಲೆ 'ಮ್ಲಾದಿನಾ' ವಾರಪತ್ರಿಕೆಗೆ ಸಂಬಂಧಿಸಿದವರೂ ಸೇರಿದಂತೆ ನಾಲ್ವರನ್ನು ಸೇನಾ ನ್ಯಾಯಾಲಯ ವಿಚಾರಣೆಗೆ ಒಳಪಡಿಸಿತು. ವಿಚಾರಣೆ ನಡೆದದ್ದು ಸ್ಲೊವೇನಿಯದ ರಾಜಧಾನಿಯಲ್ಲೇ, ಆದರೆ ಮುಚ್ಚಿದ ಬಾಗಿಲ ಹಿಂದೆ, ಸರ್ಬೊ-ಕ್ರೊಯೇಷಿಯನ್ ಭಾಷೆಯಲ್ಲಿ. ತಮ್ಮ ಊರಿನಲ್ಲಿ, ತಮ್ಮವರನ್ನು, ತಮ್ಮದಲ್ಲದ ಭಾಷೆಯಲ್ಲಿ ಶಿಕ್ಷಿಸುವುದನ್ನು ಕಂಡ ಜನ ಸಾವಿರಾರು ಸಂಖ್ಯೆಯಲ್ಲಿ ಚೌಕಗಳಿಗೆ ಬಂದರು. ಮರುವರ್ಷ ಕೊಸೊವೊದ ಗಣಿಕಾರ್ಮಿಕರು ಮುಷ್ಕರ ಹೂಡಿದಾಗ ಲ್ಯುಬ್ಲಿಯಾನದಲ್ಲಿ ಅವರ ಪರ ಸಭೆ ನಡೆಯಿತು, ಬೆಲ್‌ಗ್ರೇಡ್ ಕೆರಳಿತು. 1989ರ ಡಿಸೆಂಬರ್‌ನಲ್ಲಿ ತಮ್ಮ ರ್‍ಯಾಲಿಗೆ ಲ್ಯುಬ್ಲಿಯಾನದಲ್ಲಿ ಅವಕಾಶ ಕೊಡಲಿಲ್ಲವೆಂದು ಸರ್ಬಿಯ ಸ್ಲೊವೇನಿಯದ ಸರಕುಗಳಿಗೆ ಬಹಿಷ್ಕಾರ ಹಾಕಿತು. ಒಂದೇ ದೇಶ, ಒಂದೇ ನಾಣ್ಯ, ನಡುವೆ ವ್ಯಾಪಾರ ಬಂದ್.

ಭಾಷೆಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಭಾಷೆ ಬೇರೆಯಾದರೆ ದೇಶ ಒಡೆಯುತ್ತದೆ ಎಂದು ನಂಬುವವರು ನಮ್ಮಲ್ಲಿ ಬಹಳ ಮಂದಿ. ನಿಜವಾಗಿ ಬೇರೆ ಭಾಷೆಯಾಡುತ್ತಿದ್ದ ಸ್ಲೊವೀನರು ಮತ್ತು ಮ್ಯಾಸಿಡೋನಿಯನರು ಹೊರಬಂದದ್ದು ಅತಿ ಕಡಿಮೆ ಸಾವುಗಳೊಂದಿಗೆ. ಅತಿ ಕ್ರೂರವಾಗಿ ಕಡಿದಾಡಿದವರು ಒಂದೇ ಭಾಷೆಯ ಸರ್ಬರು, ಕ್ರೊಯೇಟರು, ಬಾಸ್ನಿಯದ ಮುಸ್ಲಿಮರು. ಬ್ರೆಡ್ಡಿಗೆ ಸರ್ಬಿಯದಲ್ಲಿ 'ಹ್ಲೆಬ್', ಕ್ರೊಯೇಷಿಯದಲ್ಲಿ 'ಕ್ರುಹ್' ಎನ್ನುತ್ತಾರೆ. ಇಬ್ಬರಿಗೂ ಎರಡೂ ಅರ್ಥವಾಗುತ್ತದೆ. ಯುದ್ಧ ಬಂದಾಗ, ಯಾವ ಪದ ಬಳಸುತ್ತೀ ಎಂಬುದು ನೀನು ಯಾರ ಕಡೆಯವನು ಎಂಬುದರ ಗುರುತಾಯಿತು. ವ್ಯತ್ಯಾಸವನ್ನು ಹುಡುಕಿ ಬೆಳೆಸಿದವರು ರಾಜಕಾರಣಿಗಳು. ಇಂದು ಅದೇ ಒಂದು ಭಾಷೆಗೆ ಸರ್ಬಿಯನ್, ಕ್ರೊಯೇಷಿಯನ್, ಬಾಸ್ನಿಯನ್, ಮಾಂಟೆನೆಗ್ರಿನ್ ಎಂಬ ನಾಲ್ಕು ಅಧಿಕೃತ ಹೆಸರುಗಳಿವೆ.

ದೇಶಕ್ಕೆ ಮತ ಕೇಳದ ಚುನಾವಣೆ

1990ರ ಜನವರಿಯಲ್ಲಿ ದೇಶದ ಆಳುವ ಪಕ್ಷವಾದ ಕಮ್ಯುನಿಸ್ಟ್ ಲೀಗಿನ 14ನೇ ಮಹಾಧಿವೇಶನ ಬೆಲ್‌ಗ್ರೇಡಿನಲ್ಲಿ ನಡೆಯಿತು. ಸ್ಲೊವೀನರು ತಂದ ತಿದ್ದುಪಡಿಗಳನ್ನು ಒಂದಾದ ಮೇಲೊಂದರಂತೆ ಬಹುಮತದಿಂದ ತಳ್ಳಿಹಾಕಲಾಯಿತು, ಚಪ್ಪಾಳೆಗಳ ನಡುವೆ ಅವರು ಎದ್ದು ಹೊರನಡೆದರು. ಅವರಿಲ್ಲದೆ ಮುಂದುವರಿಯಲು ಕ್ರೊಯೇಟ್ ಪ್ರತಿನಿಧಿಗಳು ಒಪ್ಪಲಿಲ್ಲ. ಸಭೆಗೆ ಸಾರಿದ ಅಲ್ಪವಿರಾಮ ಪಕ್ಷಕ್ಕೆ ಪೂರ್ಣವಿರಾಮವಾಯಿತು. ದೇಶದಾದ್ಯಂತ ಹರಡಿದ್ದ ಏಕೈಕ ರಾಜಕೀಯ ಸಂಸ್ಥೆ ಹೀಗೆ ಮುಗಿಯಿತು, ಉಳಿದದ್ದು ಸೇನೆ.

ಆ ವರ್ಷ ಬಹುಪಕ್ಷ ಚುನಾವಣೆಗಳಾದವು, ಆದರೆ ಗಣರಾಜ್ಯಗಳ ಮಟ್ಟದಲ್ಲಿ ಮಾತ್ರ, ಅದೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಬೇರೆ ಬೇರೆ ದಿನಗಳಲ್ಲಿ. ಏಪ್ರಿಲ್‌ನಲ್ಲಿ ಸ್ಲೊವೇನಿಯ, ಏಪ್ರಿಲ್-ಮೇನಲ್ಲಿ ಕ್ರೊಯೇಷಿಯ, ನವೆಂಬರ್‌ನಲ್ಲಿ ಬಾಸ್ನಿಯ ಮತ್ತು ಮ್ಯಾಸಿಡೋನಿಯ, ಡಿಸೆಂಬರ್‌ನಲ್ಲಿ ಸರ್ಬಿಯ ಮತ್ತು ಮಾಂಟೆನೆಗ್ರೊ. ಒಕ್ಕೂಟದ ಸಂಸತ್ತಿಗೆ ಮುಕ್ತ ಚುನಾವಣೆ ನಡೆಯಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುವು ಇದು. ಕ್ರೊಯೇಷಿಯದ ರಾಜಧಾನಿ ಝಾಗ್ರೆಬ್‌ನಲ್ಲಿ ಮಾತ್ರ ಮತ ಗೆಲ್ಲಬೇಕಾದವನಿಗೆ ಬೆಲ್‌ಗ್ರೇಡಿನ ಮತದಾರನನ್ನು ಸಿಟ್ಟಿಗೆಬ್ಬಿಸಿದರೆ ನಷ್ಟವಿಲ್ಲ, ಲಾಭವೇ ಉಂಟು. ಗೆದ್ದವರಿಗೆ ಜನಾದೇಶದ ಬಲ ಬಂತು. ಒಕ್ಕೂಟದ ಪ್ರಧಾನಿಗೆ ಬಂದದ್ದು ಏನೂ ಇಲ್ಲ.

ಆ ಪ್ರಧಾನಿ ಆಂತೆ ಮಾರ್ಕೊವಿಚ್. 1989ರಲ್ಲಿ ಹಣದುಬ್ಬರ ಶೇ 1,000 ದಾಟಿದ್ದಾಗ ಅವರು ಹತ್ತು ಸಾವಿರ ಹಳೆಯ ದಿನಾರ್‌ಗೆ ಒಂದು ಹೊಸ ದಿನಾರ್ ತಂದು, ಏಳು ದಿನಾರ್‌ಗೆ ಒಂದು ಜರ್ಮನ್ ಮಾರ್ಕ್ ಎಂದು ಕಟ್ಟಿಹಾಕಿದರು. ಕೆಲವೇ ತಿಂಗಳಲ್ಲಿ ಬೆಲೆಗಳು ನಿಂತವು, ಜನ ಬ್ಯಾಂಕಿಗೆ ಹೋಗಿ ದಿನಾರ್ ಕೊಟ್ಟು ಮಾರ್ಕ್ ಪಡೆದರು, ಅವರ ಜನಪ್ರಿಯತೆ ಏರಿತು. ಇಡೀ ದೇಶದ ಪಕ್ಷವೊಂದನ್ನು ಅವರು ಕಟ್ಟಿದ್ದು 1990ರ ಜುಲೈನಲ್ಲಿ; ಅಷ್ಟರಲ್ಲಿ ಉತ್ತರದ ಎರಡು ಗಣರಾಜ್ಯಗಳ ಮತದಾನ ಮುಗಿದಿತ್ತು. ಆ ಡಿಸೆಂಬರ್‌ನಲ್ಲಿ ಸರ್ಬಿಯದ ಸರ್ಕಾರ ಒಕ್ಕೂಟದ ಅನುಮತಿಯಿಲ್ಲದೆ, ಗುಟ್ಟಾಗಿ, ಸುಮಾರು 1,800 ಕೋಟಿ ದಿನಾರ್ ಹಣವನ್ನು ತನ್ನ ಬ್ಯಾಂಕ್ ವ್ಯವಸ್ಥೆಯ ಮೂಲಕ ಸೃಷ್ಟಿಸಿಕೊಂಡಿತು. ಚುನಾವಣೆಯ ತಿಂಗಳಲ್ಲಿ ಸಂಬಳ, ಪಿಂಚಣಿ ಪಾವತಿಗೆ ಹಣ ಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಸುದ್ದಿ ಜನವರಿಯಲ್ಲಿ ಹೊರಬಿದ್ದಾಗ, ಈ ನಾಣ್ಯದೊಳಗೆ ಉಳಿಯುವುದರಲ್ಲಿ ಅರ್ಥವಿಲ್ಲ ಎಂದು ವಾದಿಸುತ್ತಿದ್ದ ಸ್ಲೊವೀನರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಡಿಸೆಂಬರ್ 23ರ ಜನಮತಗಣನೆಯಲ್ಲಿ ಅಲ್ಲಿಯ ಒಟ್ಟು ಮತದಾರರ ಶೇ 88.5ರಷ್ಟು ಮಂದಿ ಸ್ವಾತಂತ್ರ್ಯ ಕೇಳಿದ್ದರು.

ಮೂರು ನಿರ್ಗಮನಗಳು

ಸ್ಲೊವೇನಿಯ ಮತ್ತು ಕ್ರೊಯೇಷಿಯ 1991ರ ಜೂನ್ 25ರಂದು ಒಟ್ಟಿಗೇ ಸ್ವಾತಂತ್ರ್ಯ ಘೋಷಿಸಿದವು. ಒಂದೇ ದಿನ, ಒಂದೇ ಹಕ್ಕಿನ ಮಾತು, ಆದರೆ ಫಲಿತಾಂಶದಲ್ಲಿ ಅಜಗಜಾಂತರ. ಸ್ಲೊವೇನಿಯದಲ್ಲಿ ಹತ್ತು ದಿನಗಳ ಯುದ್ಧವಾಗಿ ನೂರಕ್ಕಿಂತ ಕಡಿಮೆ ಮಂದಿ ಸತ್ತರು, ಜುಲೈ 7ರಂದು ಬ್ರಿಯೋನಿ ದ್ವೀಪದಲ್ಲಿ ಒಪ್ಪಂದವಾಯಿತು, ಸೇನೆ ಹಿಂದೆ ಸರಿಯಿತು. (1956ರಲ್ಲಿ ನೆಹರು, ನಾಸರ್, ಟಿಟೊ ಕೂಡಿ ಅಲಿಪ್ತ ಚಳವಳಿಯ ಮಾತಾಡಿದ್ದು ಇದೇ ಬ್ರಿಯೋನಿಯಲ್ಲಿ, ಅದೂ ಜುಲೈ ತಿಂಗಳಲ್ಲೇ.) ಅಲ್ಲಿಯ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಮಂದಿ ಸ್ಲೊವೀನರು, ಮತ್ತು ತನ್ನದೆಂದು ಹೇಳಿಕೊಳ್ಳುವ ಹಳ್ಳಿ ಮಿಲೊಶೆವಿಚ್‌ಗೆ ಅಲ್ಲಿ ಒಂದೂ ಇರಲಿಲ್ಲ.

ಕ್ರೊಯೇಷಿಯದಲ್ಲಿ ಸರ್ಬರು ಶೇ 12ರಷ್ಟಿದ್ದರು. 1990ರಲ್ಲಿ ಗೆದ್ದ ಫ್ರಾನ್ಯೊ ತುಜ್ಮಾನ್ ಅವರ ಸರ್ಕಾರ ಕೆಂಪು-ಬಿಳಿ ಚೌಕುಳಿಯ ಲಾಂಛನವನ್ನು ಮರಳಿ ತಂದಿತು. ಕ್ರೊಯೇಟರ ಪಾಲಿಗೆ ಅದು ಮಧ್ಯಯುಗದ ಪರಂಪರೆ. ಯಾಸೆನೊವತ್ಸ್‌ನಲ್ಲಿ ಬಂಧುಗಳನ್ನು ಕಳೆದುಕೊಂಡ ಸರ್ಬರ ಪಾಲಿಗೆ ಉಸ್ತಾಶಾಗಳ ಗುರುತು. ಸರ್ಬ ಪೊಲೀಸರು, ನೌಕರರು ಕೆಲಸ ಕಳೆದುಕೊಂಡರು. ಡಿಸೆಂಬರ್‌ನ ಹೊಸ ಸಂವಿಧಾನ, ಹಿಂದಿನದರಲ್ಲಿ ಗಣರಾಜ್ಯದ ಸಹಸ್ಥಾಪಕ ಜನಾಂಗವಾಗಿದ್ದ ಸರ್ಬರನ್ನು ಅಲ್ಪಸಂಖ್ಯಾತರ ಸಾಲಿಗೆ ಇಳಿಸಿತು. ತುಜ್ಮಾನ್‌ಗೆ ಇದು ತೀರ ಅನಗತ್ಯವಾದ ಉಡಾಫೆಯಾಗಿತ್ತು ಎಂಬುದು ನನ್ನ ತೀರ್ಪು. ಬೆಲ್‌ಗ್ರೇಡಿನ ದೂರದರ್ಶನಕ್ಕೆ ಬೇಕಾಗಿದ್ದ ತುಪ್ಪವನ್ನು ಅವರೇ ಬೆಂಕಿಗೆ ಸುರಿದುಕೊಟ್ಟರು. ಅದಕ್ಕೂ ಮುನ್ನ, 1990ರ ಆಗಸ್ಟ್‌ನಲ್ಲೇ ಕ್ನಿನ್ ಸುತ್ತಲಿನ ಸರ್ಬರು ಮರದ ದಿಮ್ಮಿಗಳನ್ನು ಉರುಳಿಸಿ ಹೆದ್ದಾರಿಗಳನ್ನು ಮುಚ್ಚಿದ್ದರು. 1991ರ ಶರತ್ಕಾಲದಲ್ಲಿ ಸೇನೆ ಮತ್ತು ಸರ್ಬ ಪಡೆಗಳು ವುಕೊವಾರ್ ಪಟ್ಟಣವನ್ನು 87 ದಿನ ಮುತ್ತಿ, ನೆಲಸಮ ಮಾಡಿ ಗೆದ್ದವು. ನಂತರ ಆಸ್ಪತ್ರೆಯಿಂದ ಎಳೆದೊಯ್ದ ಸುಮಾರು ಇನ್ನೂರು ಜನರನ್ನು ಒವ್ಚಾರದಲ್ಲಿ ಕೊಂದವು. ಕ್ರೊಯೇಟರೂ ಸರ್ಬರೂ ಮದುವೆ-ಮುಂಜಿಗಳಲ್ಲಿ ಕಲೆತು ಬಾಳಿದ್ದ ಪಟ್ಟಣ ಅದು. 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯದ ಸೇನೆ ಕ್ನಿನ್ ಮರಳಿ ಪಡೆದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಬರು ಟ್ರ್ಯಾಕ್ಟರ್‌ಗಳಲ್ಲಿ ಗಂಟುಮೂಟೆ ಕಟ್ಟಿ ಗಡಿ ದಾಟಿದರು.

ಬಾಸ್ನಿಯದಲ್ಲಿ ಯಾವ ಜನಾಂಗಕ್ಕೂ ಬಹುಮತವಿರಲಿಲ್ಲ: 1991ರ ಗಣತಿಯಂತೆ ಮುಸ್ಲಿಮರು ಶೇ 43.5, ಸರ್ಬರು ಶೇ 31, ಕ್ರೊಯೇಟರು ಶೇ 17. ಯುಗೊಸ್ಲಾವಿಯದ ಒಳಗೆ ಎಲ್ಲರೂ ಅಲ್ಪಸಂಖ್ಯಾತರಾಗಿದ್ದುದರಿಂದ ಯಾರಿಗೂ ಅದು ಭಯದ ಸಂಗತಿಯಾಗಿರಲಿಲ್ಲ. ಸ್ಲೊವೇನಿಯ, ಕ್ರೊಯೇಷಿಯ ಹೋದ ಮೇಲೆ ಬಾಸ್ನಿಯದ ಎದುರಿಗಿದ್ದ ಎರಡು ದಾರಿಗಳೂ ಕೆಟ್ಟವು. ಉಳಿದರೆ ಮುಸ್ಲಿಮರು ಮತ್ತು ಕ್ರೊಯೇಟರು ಮಿಲೊಶೆವಿಚ್‌ರ ಸರ್ಬಿಯದ ಕೈಕೆಳಗೆ; ಹೊರಟರೆ ಬಾಸ್ನಿಯದ ಸರ್ಬರು ಸರ್ಬಿಯದಿಂದ ಕಡಿದುಹೋಗಿ ಅಲ್ಪಸಂಖ್ಯಾತರು. ಗಡಿ ಬದಲಾದೊಡನೆ ಯಾರು ಯಾರ ಮನೆಯಲ್ಲಿ ಬಾಡಿಗೆದಾರ ಎಂಬುದೂ ಬದಲಾಗುವ ಇಂಥ ಕಡೆಗಳಲ್ಲೇ ರಕ್ತ ಹರಿಯಿತು, ಉಳಿದೆಡೆ ಹರಿಯಲಿಲ್ಲ. 1992ರ ಫೆಬ್ರವರಿ 29 ಮತ್ತು ಮಾರ್ಚ್ 1ರ ಜನಮತಗಣನೆಯನ್ನು ಬಹುಪಾಲು ಸರ್ಬರು ಬಹಿಷ್ಕರಿಸಿದರು. ಏಪ್ರಿಲ್ 5ರಂದು ಬಾಸ್ನಿಯದ ರಾಜಧಾನಿ ಸರಾಯೆವೊದಲ್ಲಿ ಎಲ್ಲ ಜನಾಂಗಗಳ ಸಾವಿರಾರು ಮಂದಿ ಶಾಂತಿಗಾಗಿ ಮೆರವಣಿಗೆ ಹೊರಟಿದ್ದರು. ವ್ರಬಾನ್ಯ ಸೇತುವೆಯ ಮೇಲೆ ಇಬ್ಬರು ಮಹಿಳೆಯರು ಗುಂಡಿಗೆ ಬಲಿಯಾದರು. ನಂತರ ಆ ನಗರ 1,425 ದಿನ ಮುತ್ತಿಗೆಯಲ್ಲಿತ್ತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸದಲ್ಲಿ ಬಾಸ್ನಿಯದ ಸರ್ಬ ಪಡೆಗಳು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರನ್ನೂ ಹುಡುಗರನ್ನೂ ಕೊಂದವು. ಅಂತರರಾಷ್ಟ್ರೀಯ ನ್ಯಾಯಾಲಯಗಳು ಅದನ್ನು ನರಮೇಧ ಎಂದು ತೀರ್ಮಾನಿಸಿವೆ. ಬಾಸ್ನಿಯದ ಯುದ್ಧ ಒಟ್ಟು ಸುಮಾರು ಒಂದು ಲಕ್ಷ ಜೀವಗಳನ್ನು ತೆಗೆದುಕೊಂಡಿತು.

ಹೊರಗಿನವರು

ಪಾಶ್ಚಾತ್ಯ ದೇಶಗಳೇ ಯುಗೊಸ್ಲಾವಿಯವನ್ನು ಒಡೆದವು ಎಂಬ ವಾದ ಇಂದಿಗೂ ಬೆಲ್‌ಗ್ರೇಡಿನಲ್ಲಿ ಕೇಳಿಬರುತ್ತದೆ. ಕಾಲಾನುಕ್ರಮ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ: ಘೋಷಣೆಗೆ ನಾಲ್ಕು ದಿನ ಮೊದಲು ಬೆಲ್‌ಗ್ರೇಡಿಗೆ ಬಂದಿದ್ದ ಅಮೆರಿಕದ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಬೇರ್ಪಡುವುದನ್ನು ವಿರೋಧಿಸಿಯೇ ಮಾತಾಡಿದ್ದರು. ಆದರೆ ನಂತರದ ಹೆಜ್ಜೆಗಳು ಪರಿಣಾಮವನ್ನು ಖಂಡಿತ ತಿದ್ದಿದವು. ವಿಶ್ವಸಂಸ್ಥೆ 1991ರ ಸೆಪ್ಟೆಂಬರ್‌ನಲ್ಲಿ ಹೇರಿದ ಶಸ್ತ್ರಾಸ್ತ್ರ ನಿರ್ಬಂಧ, ಸೇನೆಯ ಉಗ್ರಾಣ ಯಾರ ಬಳಿಯಿತ್ತೋ ಅವರಿಗೇ ಅನುಕೂಲವಾಯಿತು. ಫ್ರಾನ್ಸಿನ ರೋಬೇರ್ ಬದಿಂತೇರ್ ಅಧ್ಯಕ್ಷತೆಯಲ್ಲಿ ಯುರೋಪಿಯನ್ ಸಮುದಾಯ ನೇಮಿಸಿದ್ದ ಮಧ್ಯಸ್ಥಿಕೆ ಆಯೋಗ, ದೇಶವು ವಿಸರ್ಜನೆಯ ಪ್ರಕ್ರಿಯೆಯಲ್ಲಿದೆ ಎಂದು ಹೇಳಿ, ಗಣರಾಜ್ಯಗಳ ಒಳಗಡಿಗಳೇ ಅಂತರರಾಷ್ಟ್ರೀಯ ಗಡಿಗಳು ಎಂಬ ಸೂತ್ರ ಕೊಟ್ಟಿತು. 1974ರ ಸಂವಿಧಾನ ಬಿಟ್ಟಿದ್ದ ಗಂಟನ್ನು ಅದು ಗಣರಾಜ್ಯಗಳ ಪರವಾಗಿ ಕತ್ತರಿಸಿತು. ಅದೇ ಆಯೋಗ ಮ್ಯಾಸಿಡೋನಿಯ ಮಾನ್ಯತೆಗೆ ಅರ್ಹ, ಕ್ರೊಯೇಷಿಯ ಅಲ್ಪಸಂಖ್ಯಾತರ ರಕ್ಷಣೆಯಲ್ಲಿ ಇನ್ನೂ ಕೊರತೆಯುಳ್ಳದ್ದು ಎಂದಿತ್ತು. ಜರ್ಮನಿಯ ಒತ್ತಾಯದಿಂದ ಕ್ರೊಯೇಷಿಯಕ್ಕೆ 1992ರ ಜನವರಿ 15ರಂದು ಮಾನ್ಯತೆ ಸಿಕ್ಕಿತು. ಹೆಸರಿನ ಬಗ್ಗೆ ಗ್ರೀಸ್ ತಕರಾರೆತ್ತಿದ್ದರಿಂದ ಮ್ಯಾಸಿಡೋನಿಯ ಕಾಯಬೇಕಾಯಿತು.

ಬಾಲದ ತುಂಡುಗಳು ಮತ್ತೆ ಹದಿನೈದು ವರ್ಷ ಉದುರಿದವು. 1993ರ ಕೊನೆಯ ಹೊತ್ತಿಗೆ ಸರ್ಬಿಯ-ಮಾಂಟೆನೆಗ್ರೊಗಳ ಉಳಿದ ಯುಗೊಸ್ಲಾವಿಯದಲ್ಲಿ 50,000 ಕೋಟಿ ದಿನಾರ್‌ನ ಒಂದೇ ನೋಟು ಚಲಾವಣೆಯಲ್ಲಿತ್ತು. 1999ರಲ್ಲಿ ಕೊಸೊವೊ ಕಾರಣಕ್ಕೆ ನ್ಯಾಟೊ 78 ದಿನ ಬಾಂಬ್ ಹಾಕಿತು. 2006ರ ಮೇ ತಿಂಗಳಲ್ಲಿ ಮಾಂಟೆನೆಗ್ರೊ ಶೇ 55ರ ಮಿತಿಯನ್ನು ಅರ್ಧ ಅಂಶದಷ್ಟು ಮಾತ್ರ ಮೀರಿ ಶಾಂತಿಯುತವಾಗಿ ಹೊರಬಂತು. ಕೊಸೊವೊ 2008ರ ಫೆಬ್ರವರಿ 17ರಂದು ಸ್ವಾತಂತ್ರ್ಯ ಘೋಷಿಸಿತು. ಸರ್ಬಿಯ, ರಷ್ಯ, ಭಾರತ ಅದನ್ನು ಮಾನ್ಯ ಮಾಡಿಲ್ಲ.

ಬಾಸ್ನಿಯದ ಯುದ್ಧವನ್ನು ನಿಲ್ಲಿಸಿದ್ದು 1995ರ ಡೇಟನ್ ಒಪ್ಪಂದ. ಆ ಒಪ್ಪಂದದ ಅನುಬಂಧವೊಂದೇ ಇಂದಿಗೂ ಬಾಸ್ನಿಯದ ಸಂವಿಧಾನ. ಅಲ್ಲಿಯೂ ಒಬ್ಬ ಅಧ್ಯಕ್ಷನಿಲ್ಲ. ಒಬ್ಬ ಬೋಸ್ನಿಯಾಕ್ (ಬಾಸ್ನಿಯದ ಮುಸ್ಲಿಮರ ಈಗಿನ ಹೆಸರು), ಒಬ್ಬ ಕ್ರೊಯೇಟ್, ಒಬ್ಬ ಸರ್ಬ ಸೇರಿದ ಮೂವರ ಮಂಡಲಿ. ಬೋಸ್ನಿಯಾಕ್ ಮತ್ತು ಕ್ರೊಯೇಟ್ ಸದಸ್ಯರು ಒಕ್ಕೂಟ ಎಂಬ ಅರ್ಧದಿಂದ, ಸರ್ಬ ಸದಸ್ಯ ಸರ್ಬ ಗಣರಾಜ್ಯ ಎಂಬ ಇನ್ನರ್ಧದಿಂದ ಆಯ್ಕೆಯಾಗಬೇಕು. ಯಹೂದಿಗಳಿಗೂ ರೋಮಾ ಜನರಿಗೂ ಸ್ಪರ್ಧಿಸಲು ಬಿಡದಿರುವುದು ಪಕ್ಷಪಾತವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲೇ ತೀರ್ಪು ನೀಡಿತು. ಡೇಟನ್ ಬರೆದಿಟ್ಟ ನಿಯಮ ಹಾಗೆಯೇ ಉಳಿಯಿತು. 1991ರ ಮಾರ್ಚ್‌ನಲ್ಲಿ ಬಾಸ್ನಿಯದ ಹೆಸರಿನಲ್ಲಿ ಮತ ಹಾಕಿದ ಬೊಗಿಚೆವಿಚ್ ಯುದ್ಧದ ನಂತರವೂ ನೆಲೆಸಿದ್ದು ಸರಾಯೆವೊದಲ್ಲಿ, ಅಂದರೆ ಒಕ್ಕೂಟದ ಭಾಗದಲ್ಲಿ. ಅಲ್ಲಿ ವಾಸಿಸುವ ಸರ್ಬನಿಗೆ ಆ ನಿಯಮದಂತೆ ಮೂರು ಕುರ್ಚಿಗಳಲ್ಲಿ ಒಂದಕ್ಕೂ ನಿಲ್ಲುವ ಹಕ್ಕಿಲ್ಲ.